ಆಯುಧಪೂಜೆಯ ಮಾರನೆಯ ದಿನ ಏನು ಮಾಡುತ್ತೀರಿ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ ಇದೆ. ಟ್ರ್ಯಾಕ್ಟರ್ ಮತ್ತು ಹೈಡ್ರಾಲಿಕ್ ಪಂಪ್‌ಗಳ ಬಿಡಿಭಾಗಗಳನ್ನು ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರಗಳಲ್ಲಿ ಮಾಡಿಕೊಡುತ್ತೇವೆ. ಗುತ್ತಿಗೆಯವರೂ ಸೇರಿ 46 ಮಂದಿ ಇದ್ದಾರೆ. ಪ್ರತಿ ವರ್ಷ ಆಯುಧಪೂಜೆಗೆ ತಪ್ಪದೆ ಬೋನಸ್, ಸಿಹಿ, ಜೊತೆಗೊಂದು ಉಡುಗೊರೆ ಕೊಡುತ್ತೇವೆ. ಕಳೆದ ವರ್ಷ ಎಲ್ಲರಿಗೂ ಐದು ಲೀಟರಿನ ಕುಕ್ಕರ್ ಕೊಟ್ಟೆವು. ಹಬ್ಬ ಮುಗಿದು ಆರು ವಾರದೊಳಗೆ ನಾಲ್ವರು ಕೆಲಸ ಬಿಟ್ಟರು. ಅವರಲ್ಲಿ ಇಬ್ಬರು ಹೆಲ್ಪರ್ ಆಗಿ ಬಂದು ನಮ್ಮಲ್ಲೇ ಸೆಟ್ಟಿಂಗ್, ಅಂದರೆ ಕೆಲಸಕ್ಕೆ ತಕ್ಕಂತೆ ಯಂತ್ರ ಹೊಂದಿಸುವುದನ್ನು, ಕಲಿತವರು. ಉಪಕಾರ ಸ್ಮರಣೆ ಎಂಬುದೇ ಇಲ್ಲವೇ ಎಂದು ಮನಸ್ಸಿಗೆ ನೋವಾಗಿದೆ. ಕಲಿಸುವುದೇ ತಪ್ಪಾಯಿತೇ? ವರ್ಷವಿಡೀ ಕೃತಜ್ಞತೆ ತೋರಿಸಬೇಕು, ಕೆಲಸಗಾರರನ್ನು ಬೆಳೆಸಬೇಕು ಎನ್ನುತ್ತಾರೆ. ನಮ್ಮಂಥ ಸಣ್ಣ ಘಟಕದಲ್ಲಿ ಅದನ್ನು ಮಾಡುವುದು ಹೇಗೆ?

ಉತ್ತರ: ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಹೆಲ್ಪರ್ ಆಗಿ ಬಂದ ಹುಡುಗ ವರ್ನಿಯರ್ ಹಿಡಿಯುವುದರಿಂದ ಶುರುಮಾಡಿ ಸೆಟ್ಟರ್ ಆಗುವವರೆಗೆ ನೋಡಿದವರಿಗೆ, ಅವನು ಹೊರಟಾಗ ಮನೆಯವರೇ ಹೋದಂತೆ ಆಗುತ್ತದೆ. ಆದರೂ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರದಲ್ಲಿ ಬೋನಸ್, ಸಿಹಿ, ಕುಕ್ಕರ್ ಮೂರನ್ನೂ ಒಂದೇ ಉಸಿರಿನಲ್ಲಿ ಎಣಿಸಿದ್ದೀರಿ. ಬೋನಸ್ಸನ್ನು ಆ ಸಾಲಿನಿಂದ ತೆಗೆಯಿರಿ. ಕಾನೂನಿನ ವ್ಯಾಪ್ತಿಗೆ ಬರುವ ಕಾರ್ಮಿಕನಿಗೆ ಕನಿಷ್ಠ ಬೋನಸ್, ಲೆಕ್ಕಕ್ಕೆ ಹಿಡಿಯುವ ವರ್ಷದ ಸಂಬಳದ ಶೇ 8.33. ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಹನ್ನೆರಡು ತಿಂಗಳು ದುಡಿದವನು ಅದನ್ನು ಹದಿಮೂರನೆಯ ಸಂಬಳ ಎಂದೇ ತಿಳಿಯುತ್ತಾನೆ. ಅವನ ತಿಳಿವಳಿಕೆ ಸರಿಯಾಗಿಯೇ ಇದೆ. ಅವನಿಗೆ ಸಲ್ಲಬೇಕಾದುದನ್ನು ಕೊಟ್ಟು ಕೃತಜ್ಞತೆ ಎದುರು ನೋಡಿದರೆ ಸಿಗುವುದಿಲ್ಲ. 7ನೇ ತಾರೀಖಿನೊಳಗೆ ಸಂಬಳ, ಓಟಿಗೆ ಎರಡು ಪಟ್ಟು ಕೂಲಿ, ಪಿಎಫ್, ಇಎಸ್ಐ ಕೂಡ ಅಷ್ಟೇ. ಇವುಗಳಲ್ಲಿ ಯಾವುದಾದರೂ ಹಿಂದುಮುಂದಾಗಿದ್ದರೆ ನನ್ನ ಉತ್ತರದ ಉಳಿದ ಭಾಗವನ್ನು ಸದ್ಯಕ್ಕೆ ಬದಿಗಿಟ್ಟು ಅದನ್ನು ಸರಿಪಡಿಸಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಿಮ್ಮ ಕಾರ್ಖಾನೆಯ ಊಟದ ಕೋಣೆಯಲ್ಲಿ ಯಾರೂ ಹೇಳುವಂತಾಗಬಾರದು.

ಕುಕ್ಕರ್ ಒಳ್ಳೆಯ ಉಡುಗೊರೆ. ಮನೆಯವರಿಗೂ ಸಂತೋಷವಾಗಿರುತ್ತದೆ. ಆದರೆ 46 ಮಂದಿಗೂ ಒಂದೇ ಅಳತೆಯ ಕುಕ್ಕರ್ ಕೊಟ್ಟಾಗ, ಆ ವರ್ಷ ಯಾರು ಏನು ಮಾಡಿದರು ಎಂಬುದನ್ನು ಆ ಡಬ್ಬ ಹೇಳುವುದಿಲ್ಲ. ಜನ ಕಾಯುವುದು ಆ ಮಾತಿಗಾಗಿ. ಇದನ್ನು ನಾನು ಕಲಿತದ್ದು ಒಬ್ಬ ಆಪರೇಟರನಿಂದ. ಕಲಿಯುವ ಹೊತ್ತಿಗೆ ತಡವಾಗಿತ್ತು.

ಆಗ ನಾನು ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಉಸ್ತುವಾರಿ ನೋಡುತ್ತಿದ್ದೆ. ರಾತ್ರಿ ಪಾಳಿಯಲ್ಲಿ ಒಬ್ಬ ಹುಡುಗ ಸಿಎನ್‌ಸಿ ಲೇತಿನಲ್ಲಿ ಬುಷ್ (ಬಳೆಯಂಥ ಬಿಡಿಭಾಗ) ತಿರುವುತ್ತಿದ್ದ. ಹೊರವ್ಯಾಸದ ಅಳತೆ ಹೆಚ್ಚುಕಡಿಮೆಯಾಗಲು ಇದ್ದ ಅವಕಾಶ 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತರಲ್ಲಿ ಒಂದು ಪಾಲು. ಟೂಲ್ ಸವೆದರೆ ಅಳತೆ ಒಂದೇ ದಿಕ್ಕಿಗೆ ಸ್ವಲ್ಪಸ್ವಲ್ಪವೇ ಏರುತ್ತದೆ, ಆಫ್‌ಸೆಟ್ ಕೊಟ್ಟರೆ, ಅಂದರೆ ಯಂತ್ರದಲ್ಲಿ ಅಷ್ಟು ಅಳತೆ ತಿದ್ದಿದರೆ, ಸರಿಹೋಗುತ್ತದೆ. ಅಂದು ಅಳತೆ ಏರುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಇದು ಸವೆತವಲ್ಲ ಎಂದು ಅವನಿಗೆ ಹೊಳೆಯಿತು. ಯಂತ್ರ ನಿಲ್ಲಿಸಿ, ಟೂಲ್ ಹೋಲ್ಡರ್ ಬಿಚ್ಚಿ, ಇನ್ಸರ್ಟ್ (ಲೋಹ ಕತ್ತರಿಸುವ ತುಣುಕು) ಹಿಡಿದಿಡುವ ಸ್ಕ್ರೂ ಸಡಿಲಾದದ್ದನ್ನು ಕಂಡುಹಿಡಿದು ಬದಲಾಯಿಸಿದ. ನಲವತ್ತು ನಿಮಿಷ ಹೋಯಿತು. ಬೆಳಿಗ್ಗೆ ಲೆಕ್ಕ ನೋಡಿದಾಗ 22 ಪೀಸ್ ಕಡಿಮೆ. ನಾನು ಕೇಳಿದ್ದು ಅದೊಂದನ್ನೇ. ಅವನು ಎರಡು ಮಾತಿನಲ್ಲಿ ಕಾರಣ ಹೇಳಿದ. ನಾನು ತಲೆಯೆತ್ತದೆ ‘ಉತ್ಪಾದನೆ ಕಡಿಮೆ’ ಎಂದು ಪುಸ್ತಕದಲ್ಲಿ ಬರೆದೆ. ತಿಂಗಳಲ್ಲಿ ಅವನು ಕೆಲಸ ಬಿಟ್ಟ. ಅವನ ಡ್ರಾಯರ್ ಖಾಲಿ ಮಾಡುವಾಗ ಆ ರಾತ್ರಿಯ ಪ್ರೊಡಕ್ಷನ್ ಕಾರ್ಡ್ ಸಿಕ್ಕಿತು. ಹಿಂಬದಿಯಲ್ಲಿ ಪೆನ್ಸಿಲಿನಿಂದ ಪ್ರತಿ ಐದನೆಯ ಪೀಸಿನ ಅಳತೆ, ಅದರ ಪಕ್ಕದಲ್ಲಿ ಸಮಯ. ಅಳತೆ ತಪ್ಪತೊಡಗಿದ ಕಡೆ ಒಂದು ಸುತ್ತು ಹಾಕಿದ್ದ. ಹಾಗೆ ಬರೆದಿಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನು ನಿಲ್ಲಿಸದೇ ಹೋಗಿದ್ದರೆ ಇಡೀ ಲಾಟ್ ಗಿರಾಕಿಯ ಬಾಗಿಲಿನಿಂದ ವಾಪಸು ಬರುತ್ತಿತ್ತು.

ಎರಡು ವಾರದ ಹಿಂದಷ್ಟೇ ಆಯುಧಪೂಜೆಯ ದಿನ ನಾನೇ ಅವನ ಕೈಕುಲುಕಿ ಸಿಹಿ ಡಬ್ಬ ಕೊಟ್ಟಿದ್ದೆ.

ಆ ಕಾರ್ಡನ್ನು ಕೈಯಲ್ಲಿ ಹಿಡಿದು ನಿಂತಾಗ ನನಗೆ ಎರಡು ವಿಷಯ ಒಟ್ಟಿಗೇ ತಿಳಿದವು. ಒಂದು, ಅವನಿಗೆ ಅಂದು ಬೆಳಿಗ್ಗೆ ಸಲ್ಲಬೇಕಾಗಿದ್ದ ಮಾತು. ಇನ್ನೊಂದು, ಅಂಥ ಅಳತೆಗಳನ್ನು ತಾನಾಗಿಯೇ ಬರೆದಿಡುವವನು ಪ್ರೋಗ್ರಾಮಿಂಗ್ ಕಲಿಯಲು ಸಿದ್ಧನಾಗಿದ್ದ ಎಂಬುದು. ಕೃತಜ್ಞತೆಯನ್ನೂ ಬೆಳವಣಿಗೆಯನ್ನೂ ನೀವು ಎರಡು ಬೇರೆ ಕಾರ್ಯಕ್ರಮಗಳಂತೆ ಕೇಳಿದ್ದೀರಿ. ನನ್ನ ಅನುಭವದಲ್ಲಿ ಎರಡಕ್ಕೂ ಬೇರು ಒಂದೇ: ಒಬ್ಬರ ಕೆಲಸವನ್ನು ಹತ್ತಿರದಿಂದ, ಗಮನವಿಟ್ಟು ನೋಡುವುದು. ನೋಡಿದರೆ ಏನೆಂದು ಹೊಗಳಬೇಕು ಎಂಬುದೂ ತಿಳಿಯುತ್ತದೆ, ಮುಂದೆ ಏನು ಕಲಿಸಬೇಕು ಎಂಬುದೂ ತಿಳಿಯುತ್ತದೆ. ನೋಡದೇ ಇದ್ದರೆ ಉಳಿಯುವುದು ಕುಕ್ಕರ್.

ಹಾಗಾದರೆ ಏನು ಹೇಳಬೇಕು? ನಮ್ಮ ಭಾಷೆಯಲ್ಲಿ ‘ಧನ್ಯವಾದ’ ಎಂಬುದು ವೇದಿಕೆಯ ಮಾತು. ಮನೆಯಲ್ಲಿ ತಾಯಿಗೆ, ಪಕ್ಕದ ಮನೆಯವರಿಗೆ ನಾವು ಹಾಗೆನ್ನುವುದಿಲ್ಲ. ‘ನೀವು ಬಂದಿದ್ದು ಬಹಳ ಉಪಕಾರವಾಯಿತು’, ‘ನೀನಿಲ್ಲದಿದ್ದರೆ ನಿನ್ನೆ ನನಗೆ ಕೈಕಾಲೇ ಆಡುತ್ತಿರಲಿಲ್ಲ’ ಎನ್ನುತ್ತೇವೆ. ಮಾಡಿದ ಕೆಲಸವನ್ನು ಹೆಸರಿಸಿ ಅದರಿಂದ ಏನಾಯಿತು ಎಂದು ಹೇಳುವುದು ನಮ್ಮ ರೂಢಿ. ಕಾರ್ಖಾನೆಯಲ್ಲೂ ಇದನ್ನೇ ಮಾಡಿ. ‘ನಿನ್ನೆ ರಾತ್ರಿ ನೀವು ಯಂತ್ರ ನಿಲ್ಲಿಸಿದ್ದಕ್ಕೆ ಲಾಟ್ ಉಳಿಯಿತು. ಅಳತೆ ಏರಿಳಿಯುವುದನ್ನು ಹೇಗೆ ಗುರುತಿಸಿದಿರಿ, ತೋರಿಸಿ.’ ಇಷ್ಟು ಸಾಕು. ಅದೇ ಪಾಳಿಯಲ್ಲಿ, ಹೆಚ್ಚೆಂದರೆ ಮಾರನೆಯ ದಿನ, ಯಂತ್ರದ ಬಳಿಗೇ ಹೋಗಿ ಹೇಳಿ. ಆಫೀಸಿಗೆ ಕರೆಸಬೇಡಿ. ಮಾಲೀಕರು ಆಫೀಸಿಗೆ ಕರೆದರೆ ಅರ್ಧ ದಾರಿಯಲ್ಲೇ ಜೀವ ಹಾರುತ್ತದೆ. ಕೊನೆಯ ವಾಕ್ಯವನ್ನು, ಅಂದರೆ ‘ತೋರಿಸಿ’ ಎಂಬುದನ್ನು ಬಿಡಬೇಡಿ. ಮಾಲೀಕ ತನ್ನಿಂದ ಕಲಿಯಲು ನಿಂತ ಎಂಬುದಕ್ಕಿಂತ ದೊಡ್ಡ ಮರ್ಯಾದೆ ಕುಶಲ ಕೆಲಸಗಾರನಿಗೆ ಬೇರೆ ಇಲ್ಲ.

ಇದು ಬರಿಯ ಭಾವನೆಯ ಮಾತಲ್ಲ. ಆ್ಯಡಮ್ ಗ್ರಾಂಟ್ ಮತ್ತು ಫ್ರಾನ್ಸೆಸ್ಕಾ ಜಿನೊ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅಮೆರಿಕದ ವಿಶ್ವವಿದ್ಯಾಲಯವೊಂದಕ್ಕೆ ಫೋನ್ ಮೂಲಕ ದೇಣಿಗೆ ಸಂಗ್ರಹಿಸುವವರ ಒಂದು ಗುಂಪನ್ನು ಸಂಸ್ಥೆಯ ನಿರ್ದೇಶಕಿಯೇ ಬಂದು ಭೇಟಿಯಾಗಿ, ನಿಮ್ಮ ದುಡಿಮೆಗೆ ನಾವು ಋಣಿಗಳು ಎಂದರು. ಇನ್ನೊಂದು ಗುಂಪಿಗೆ ಅಂಥ ಭೇಟಿ ಇರಲಿಲ್ಲ. ಮುಂದಿನ ವಾರ ಮೊದಲ ಗುಂಪಿನವರು ಮಾಡಿದ ಕರೆಗಳು ಅರ್ಧಕ್ಕಿಂತ ಹೆಚ್ಚು ಏರಿದವು, ಎರಡನೆಯವರದು ಇದ್ದಲ್ಲೇ ಇತ್ತು. ಸಂಬಳ ಇಬ್ಬರಿಗೂ ಒಂದೇ. ಅಧ್ಯಯನದಲ್ಲಿ ನನಗೆ ಮುಖ್ಯವೆನಿಸಿದ್ದು ಕಾರಣ. ‘ನನಗೆ ಸಾಮರ್ಥ್ಯವಿದೆ’ ಎಂಬ ಭಾವ ಹೆಚ್ಚಿದ್ದರಿಂದ ಈ ಬದಲಾವಣೆ ಆಗಿರಲಿಲ್ಲ. ‘ನನ್ನಿಂದ ಇನ್ನೊಬ್ಬರಿಗೆ ಉಪಯೋಗವಿದೆ, ನನಗೆ ಬೆಲೆ ಇದೆ’ ಎಂಬ ಭಾವ ಅದನ್ನು ಮಾಡಿತ್ತು.

ಇದೇ ಗ್ರಾಂಟ್ ಅದಕ್ಕೂ ಮೊದಲು ನಡೆಸಿದ ಇನ್ನೊಂದು ಪ್ರಯೋಗದಲ್ಲಿ, ದೇಣಿಗೆ ಸಂಗ್ರಹಿಸುವವರಿಗೆ ಆ ಹಣದಿಂದ ಓದುತ್ತಿದ್ದ ವಿದ್ಯಾರ್ಥಿಯೊಬ್ಬರನ್ನು ಕೇವಲ ಐದು ನಿಮಿಷ ಭೇಟಿ ಮಾಡಿಸಿದ್ದರು. ತಿಂಗಳ ನಂತರವೂ ಅವರು ಫೋನಿನಲ್ಲಿ ಕಳೆಯುತ್ತಿದ್ದ ಸಮಯ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚಿತ್ತು. ಇದನ್ನು ಓದಿದಾಗ ನನಗೆ ನಮ್ಮ ಪೀಣ್ಯವೇ ನೆನಪಾಯಿತು. ಹತ್ತು ವರ್ಷ ಒಂದೇ ಬುಷ್ ಮಾಡಿದವನಿಗೆ ಅದು ಪಂಪಿನ ಯಾವ ಭಾಗದಲ್ಲಿ ಕೂರುತ್ತದೆ ಎಂದು ಗೊತ್ತಿರುವುದಿಲ್ಲ. ಗಿರಾಕಿಯನ್ನು ಕೇಳಿ ಒಂದು ಹಳೆಯ ಪಂಪ್ ತರಿಸಿ, ಬಿಚ್ಚಿ, ಮೇಜಿನ ಮೇಲೆ ಇಡಿ. ನಿಮ್ಮ ಬುಷ್ ಎಲ್ಲಿದೆ, ಅದು 20 ಮೈಕ್ರಾನ್ ದಪ್ಪಗಾದರೆ ಎಲ್ಲಿ ಬಿಸಿಯಾಗಿ ಹಿಡಿದುಕೊಳ್ಳುತ್ತದೆ, ಆಗ ಹೊಲದ ಮಧ್ಯೆ ನಿಲ್ಲುವ ಟ್ರ್ಯಾಕ್ಟರ್ ಯಾರದ್ದು, ಎಲ್ಲವನ್ನೂ ಹೇಳಿ. ನಿಮ್ಮಲ್ಲಿ ಕೆಲಸ ಮಾಡುವ ಎಷ್ಟೋ ಹುಡುಗರ ಅಪ್ಪಂದಿರು ರೈತರೇ ಆಗಿರುತ್ತಾರೆ. ಅವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಕಲಿಸುವ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ನಿಮ್ಮ ಭಯ ಇರುವುದು ಇಲ್ಲಿ.

ಸಣ್ಣ ಕಾರ್ಖಾನೆಗಳಲ್ಲಿ ಕಲಿಕೆ ಎಂದರೆ ಸಾಮಾನ್ಯವಾಗಿ ಹಳಬನ ಪಕ್ಕದಲ್ಲಿ ಹೊಸಬನನ್ನು ನಿಲ್ಲಿಸುವುದು. ಹಳಬನಿಗೆ ಟಾರ್ಗೆಟ್ ಇರುತ್ತದೆ, ಕಲಿಸಲು ಸಮಯವಿರುವುದಿಲ್ಲ. ಕಲಿಸಿದರೆ ತನ್ನ ಬೆಲೆ ಇಳಿಯುತ್ತದೆ ಎಂಬ ಅಳುಕೂ ಇರುತ್ತದೆ. ಹೊಸಬ ಕದ್ದು ನೋಡಿ ಕಲಿಯುತ್ತಾನೆ. ಹಾಗೆ ಕದ್ದು ಕಲಿತ ವಿದ್ಯೆ ಅವನ ಸ್ವಂತದ್ದು, ಅದಕ್ಕೆ ಅವನು ನಿಮಗೆ ಋಣಿಯಾಗಬೇಕಾಗಿಲ್ಲ. ನಿಮ್ಮ ಇಬ್ಬರು ಸೆಟ್ಟರ್‌ಗಳಿಗೆ ನೀವು ಕಲಿಸಿದಿರೋ, ಅವರೇ ಕಲಿತರೋ, ಇದನ್ನು ಒಮ್ಮೆ ಪ್ರಾಮಾಣಿಕವಾಗಿ ಕೇಳಿಕೊಳ್ಳಿ. ಎರಡನೆಯದಾಗಿದ್ದರೆ ಕಲಿಸುವುದೇ ತಪ್ಪಾಯಿತೇ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಗೋಡೆಗೆ ಒಂದು ಹಲಗೆ ಹಾಕಿ. ಎಡಬದಿಯಲ್ಲಿ ಎಲ್ಲರ ಹೆಸರು, ಮೇಲ್ಗಡೆ ಯಂತ್ರಗಳು ಮತ್ತು ಕೆಲಸಗಳು. ಪ್ರತಿ ಚೌಕದಲ್ಲಿ ನಾಲ್ಕು ಭಾಗದ ಒಂದು ವೃತ್ತ. ಒಬ್ಬರ ನಿಗಾದಲ್ಲಿ ಯಂತ್ರ ಓಡಿಸಬಲ್ಲವನಾದರೆ ಕಾಲು ಭಾಗ ತುಂಬಿ, ಒಬ್ಬನೇ ಓಡಿಸಿದರೆ ಅರ್ಧ, ಸೆಟ್ಟಿಂಗ್ ಮಾಡಿದರೆ ಮುಕ್ಕಾಲು, ಇನ್ನೊಬ್ಬರಿಗೆ ಕಲಿಸಬಲ್ಲವನಾದರೆ ಪೂರ್ತಿ. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನು ಸ್ಕಿಲ್ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಅನೇಕ ಕಡೆ ಇದು ಆಡಿಟ್ ಬರುವ ಹಿಂದಿನ ದಿನ ತುಂಬಿಸುವ ಕಾಗದವಾಗಿಬಿಟ್ಟಿದೆ, ಅದು ಬೇಸರದ ಸಂಗತಿ. ನೀವು ಹಾಗೆ ಮಾಡಬೇಡಿ. ತಿಂಗಳಿಗೊಮ್ಮೆ ಹಲಗೆಯ ಮುಂದೆ ನಿಂತು, ಈ ತಿಂಗಳು ಯಾವ ವೃತ್ತದ ಯಾವ ಭಾಗ ತುಂಬಿತು ಎಂದು ಎಲ್ಲರ ಎದುರು ಗುರುತು ಹಾಕಿ. ಗುರುತು ಹಾಕುವ ಪೆನ್ನನ್ನು ಕಲಿಸಿದವನ ಕೈಗೆ ಕೊಡಿ. ಪೂರ್ತಿ ತುಂಬಿದ ವೃತ್ತಕ್ಕೆ ಸಂಬಳದಲ್ಲಿ ಒಂದಿಷ್ಟು ಸೇರಿಸಿ, ಎಷ್ಟೆಂದು ಮೊದಲೇ ಹಲಗೆಯಲ್ಲಿ ಬರೆದಿಡಿ. ಕಲಿಸಿದರೆ ಬೆಲೆ ಏರುತ್ತದೆ ಎಂದು ಕಣ್ಣಿಗೆ ಕಂಡ ದಿನ ಹಳಬರ ಕೈ ತಾನಾಗಿಯೇ ಬಿಚ್ಚುತ್ತದೆ.

ಹೇಗೆ ಕಲಿಸಬೇಕು ಎಂಬುದಕ್ಕೂ ಹಳೆಯ, ಗಟ್ಟಿಯಾದ ಒಂದು ಕ್ರಮವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಯಂತ್ರವನ್ನೇ ಕಾಣದ ಜನ ಲಕ್ಷಗಟ್ಟಲೆ ಬಂದಾಗ ರೂಪಿಸಿದ್ದು, ಯುದ್ಧದ ನಂತರ ಜಪಾನಿನ ಕಾರ್ಖಾನೆಗಳಲ್ಲಿ ಬೇರೂರಿದ್ದು. ಮೊದಲು ಕಲಿಯುವವನ ಅಂಜಿಕೆ ಕಳೆಯಬೇಕು, ಅವನಿಗೆ ಈಗಾಗಲೇ ಏನು ಗೊತ್ತು ಎಂದು ತಿಳಿಯಬೇಕು. ಆಮೇಲೆ ಕೆಲಸವನ್ನು ಹಂತಹಂತವಾಗಿ ಮಾಡಿ ತೋರಿಸಬೇಕು. ಮೂರನೆಯದಾಗಿ ಅವನಿಂದಲೇ ಮಾಡಿಸಬೇಕು, ಮಾಡುತ್ತಾ ಪ್ರತಿ ಹಂತವನ್ನು ಏಕೆ ಹಾಗೆ ಮಾಡುತ್ತಿದ್ದೇನೆ ಎಂದು ಅವನ ಬಾಯಿಂದಲೇ ಹೇಳಿಸಬೇಕು. ಕೊನೆಗೆ ಅವನನ್ನು ಅವನ ಪಾಡಿಗೆ ಬಿಟ್ಟು ಆಗಾಗ ಬಂದು ನೋಡಬೇಕು. ನಮ್ಮಲ್ಲಿ ಬಿಟ್ಟುಹೋಗುವುದು ಆ ಮೂರನೆಯ ಹಂತ. ‘ಗೊತ್ತಾಯ್ತಾ?’ ಎಂದು ಕೇಳುತ್ತೇವೆ, ‘ಹೂಂ ಸಾರ್’ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಹೆದರಿದವನು ಯಾವಾಗಲೂ ‘ಹೂಂ’ ಎನ್ನುತ್ತಾನೆ.

ಹೊರಗಿನ ನೆರವೂ ಹತ್ತಿರದಲ್ಲೇ ಇದೆ. 1972ರಲ್ಲಿ ಡೆನ್ಮಾರ್ಕಿನ ಸಹಯೋಗದಿಂದ ರಾಜಾಜಿನಗರದಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ನಾವೆಲ್ಲ ಜಿಟಿಟಿಸಿ ಎನ್ನುವುದು, ಪ್ರೋಗ್ರಾಮಿಂಗ್‌ನಂಥ ವಿಷಯಗಳಲ್ಲಿ ಅಲ್ಪಾವಧಿಯ ತರಗತಿಗಳನ್ನೂ ನಡೆಸುತ್ತದೆ. ವರ್ಷಕ್ಕೆ ಇಬ್ಬರನ್ನು ಸಂಬಳ ಕಡಿಯದೆ ಕಳುಹಿಸಿ. ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಘಟಕ ತನ್ನ ಒಟ್ಟು ಕೆಲಸಗಾರರ ಸಂಖ್ಯೆಯ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ನಿಮಗೂ ಅದು ಅನ್ವಯಿಸುತ್ತದೆ. ಅವರ ಭತ್ಯೆಯ ಒಂದು ಪಾಲನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಅವರನ್ನು ಕಸ ಗುಡಿಸಲು, ಚಹಾ ತರಲು ಹಚ್ಚಬೇಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಕಲಿಸಿದರೆ ಹೋಗಿಬಿಡುತ್ತಾರೆ ಎಂಬ ಮಾತಿಗೆ ನಮ್ಮ ಬೆಂಗಳೂರಿನಲ್ಲೇ ಉತ್ತರ ಸಿಕ್ಕಿದೆ. ಶಾಹಿ ಎಕ್ಸ್‌ಪೋರ್ಟ್ಸ್‌ನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಹೊಲಿಗೆ ಮಾಡುವ ಮಹಿಳೆಯರನ್ನು ಲಾಟರಿಯ ಮೂಲಕ ಆರಿಸಿ ತರಬೇತಿಯ ಪರಿಣಾಮವನ್ನು ಅಳೆದರು. ಮಾತುಕತೆ, ಸಮಯ ನಿರ್ವಹಣೆ, ಹಣಕಾಸಿನ ತಿಳಿವಳಿಕೆಯಂಥ ವಿಷಯಗಳ ತರಬೇತಿ ಅದು. ಮುಗಿದ ಮೇಲೆ ತರಬೇತಿ ಪಡೆದವರ ಉತ್ಪಾದಕತೆ ಉಳಿದವರಿಗಿಂತ ಸುಮಾರು ಶೇ 13 ಹೆಚ್ಚಿತ್ತು. ತರಬೇತಿ ಮುಗಿದ ಎಂಟು ತಿಂಗಳಲ್ಲಿ ಕಂಪನಿಗೆ ಬಂದ ನಿವ್ವಳ ಲಾಭ ಹಾಕಿದ ಹಣದ ಶೇ 250ಕ್ಕೂ ಮೇಲೆ. ಕೆಲಸ ಬಿಟ್ಟವರ ಪ್ರಮಾಣದಲ್ಲಿ ತರಬೇತಿ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸವಿರಲಿಲ್ಲ. ಈ ಅಧ್ಯಯನದಲ್ಲಿ ನನ್ನನ್ನು ಚುಚ್ಚುವ ಅಂಕಿ ಇನ್ನೊಂದಿದೆ: ಆ ಮಹಿಳೆಯರ ಸಂಬಳ ಏರಿದ್ದು ಶೇ ಅರ್ಧದಷ್ಟು ಮಾತ್ರ. ಶೇ 13 ಹೆಚ್ಚು ಕೆಲಸ, ಶೇ ಅರ್ಧ ಹೆಚ್ಚು ಸಂಬಳ. ನೀವು ಈ ದಾರಿ ಹಿಡಿಯಬೇಡಿ. ಕಲಿಕೆಯಿಂದ ಬಂದ ಲಾಭದಲ್ಲಿ ಕಲಿತವನಿಗೂ ಪಾಲು ಕೊಡಿ. ನಿಮ್ಮ ಸೆಟ್ಟರ್‌ಗಳು ಹೆಲ್ಪರ್ ಸಂಬಳಕ್ಕಿಂತ ಎಷ್ಟು ಮೇಲೆ ಇದ್ದರು ಎಂಬುದನ್ನು ನೀವು ಪತ್ರದಲ್ಲಿ ಬರೆದಿಲ್ಲ. ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಅದೇ. ಹಾಗೆಯೇ, ಕೆಲವರು ಕೆಲಸಗಾರರ ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿಟ್ಟುಕೊಂಡು ಜನರನ್ನು ಹಿಡಿದಿಡುತ್ತಾರೆ. ನಿಮ್ಮಲ್ಲಿ ಆ ಪದ್ಧತಿ ಇದ್ದರೆ ಇಂದೇ ಎಲ್ಲರಿಗೂ ಹಿಂತಿರುಗಿಸಿ.

ಕೇಳುವುದೂ ಕೃತಜ್ಞತೆಯ ಒಂದು ರೂಪ. ಅಧ್ವರ್ಯು ಮತ್ತು ನೈಷಧಂ ಅವರೇ ಇನ್ನೊಬ್ಬ ಸಹೋದ್ಯೋಗಿಯ ಜೊತೆ ಭಾರತದ 12 ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ಮತ್ತೊಂದು ಅಧ್ಯಯನ ಮಾಡಿದರು. ಸಂಬಳ ಏರಿಕೆ ನಿರೀಕ್ಷೆಗಿಂತ ಕಡಿಮೆಯಾದ ವರ್ಷ ಅದು. ಕೆಲವು ಕೆಲಸಗಾರರಿಗೆ ಮಾತ್ರ, ಹೆಸರು ಬರೆಯದೆ, ಕೆಲಸದ ಪರಿಸ್ಥಿತಿ ಮತ್ತು ಸೂಪರ್‌ವೈಸರ್ ಬಗ್ಗೆ ಅಭಿಪ್ರಾಯ ಹೇಳಲು ಅವಕಾಶ ಕೊಟ್ಟರು. ಹಾಗೆ ಕೇಳಿಸಿಕೊಂಡವರಲ್ಲಿ ಕೆಲಸ ಬಿಡುವವರು ಸುಮಾರು ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾದರು. ಹೆಚ್ಚು ನಿರಾಶರಾಗಿದ್ದವರಲ್ಲೇ ಪರಿಣಾಮ ಹೆಚ್ಚು. ಇದನ್ನು ಮಾಡಲು ನಿಮಗೆ ಖರ್ಚೇನೂ ಇಲ್ಲ. ಏಪ್ರಿಲ್‌ನಲ್ಲಿ ಸಂಬಳ ಏರಿಸುವಾಗ ಲಕೋಟೆ ಕೊಟ್ಟು ಕಳುಹಿಸದೆ ಪ್ರತಿಯೊಬ್ಬರ ಜೊತೆ ಹತ್ತು ನಿಮಿಷ ಕುಳಿತುಕೊಳ್ಳಿ. ಈ ವರ್ಷ ಯಾವ ಕೆಲಸ ಚೆನ್ನಾಗಿ ಮಾಡಿದೆ ಎಂದು ನಿನಗೆ ಅನಿಸುತ್ತದೆ, ಮುಂದೆ ಏನು ಕಲಿಯಬೇಕೆಂದಿದ್ದೀಯ, ಇಲ್ಲಿ ಏನು ಅಡ್ಡಿಯಾಗುತ್ತಿದೆ ಎಂದು ಕೇಳಿ ಬರೆದುಕೊಳ್ಳಿ. ಹೊಸ ಫ್ಯಾನ್, ಸೋರುವ ಕೂಲೆಂಟ್ ಪೈಪು, ಕತ್ತಲಾದ ಶೌಚಾಲಯ, ಇಂಥವೇ ಹೊರಬರುತ್ತವೆ. ಅವುಗಳಲ್ಲಿ ಎರಡನ್ನಾದರೂ ತಿಂಗಳೊಳಗೆ ಸರಿಮಾಡಿ. ಕೇಳಿ ಸುಮ್ಮನಾದರೆ ಕೇಳದಿದ್ದುದಕ್ಕಿಂತ ಕೆಟ್ಟದಾಗುತ್ತದೆ.

ಗುತ್ತಿಗೆಯವರ ಬಗ್ಗೆಯೂ ಒಂದು ಮಾತು. ಕಾಯಂ ಜನರಿಗೆ ಒಂದು ಕಿಲೋ ಡಬ್ಬ, ಗುತ್ತಿಗೆಯವರಿಗೆ ಕಾಲು ಕಿಲೋ ಪೊಟ್ಟಣ ಕೊಡುವುದನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಬೂದುಗುಂಬಳಕಾಯಿ ಒಡೆದ ನೆಲವನ್ನು ತೊಳೆಯುವವರು ಅವರೇ. ನೀವು ಎಲ್ಲರಿಗೂ ಒಂದೇ ಕುಕ್ಕರ್ ಕೊಟ್ಟಿದ್ದೀರಿ, ಅದು ನನಗೆ ಬಹಳ ಸಂತೋಷ ಕೊಟ್ಟಿತು. ಆ ಸಮಾನತೆಯನ್ನು ಹಲಗೆಗೂ ತನ್ನಿ, ಅವರ ಹೆಸರೂ ಅಲ್ಲಿರಲಿ. ಒಡಿಶಾ, ಬಿಹಾರ, ಅಸ್ಸಾಮಿನಿಂದ ಬಂದವರಿದ್ದರೆ ಸುರಕ್ಷತೆಯ ಪಾಠವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿಸಿ. ಕೈ ಉಳಿದರೆ ತಾನೇ ಕೌಶಲ.

ಸೂಪರ್‌ವೈಸರ್ ಸಹಕರಿಸದಿದ್ದರೆ ಇವು ಯಾವುವೂ ನಡೆಯುವುದಿಲ್ಲ. ನಾನೇ ಅಂಥ ಸೂಪರ್‌ವೈಸರ್ ಆಗಿದ್ದೆ. ನನ್ನನ್ನು ಅಳೆಯುತ್ತಿದ್ದುದು ಪೀಸಿನ ಲೆಕ್ಕದಿಂದ ಮಾತ್ರ, ಆದ್ದರಿಂದ ನನಗೆ ಕಂಡದ್ದೂ ಪೀಸಿನ ಲೆಕ್ಕವೇ. ನಿಮ್ಮ ಸೂಪರ್‌ವೈಸರನ್ನು ದಿನವೂ ಎರಡು ಪ್ರಶ್ನೆ ಕೇಳಿ: ಎಷ್ಟು ಪೀಸ್ ಬಂತು, ಇವತ್ತು ಯಾರ ಕೆಲಸದಲ್ಲಿ ಏನು ನೋಡಿದಿರಿ? ಎರಡನೆಯದಕ್ಕೆ ಮೊದಲ ವಾರ ಉತ್ತರ ಬರುವುದಿಲ್ಲ. ಬಿಡದೆ ಕೇಳಿ.

ಬಿಟ್ಟುಹೋದ ಆ ಇಬ್ಬರು ಸೆಟ್ಟರ್‌ಗಳಿಗೆ ಅನುಭವ ಪತ್ರ ಕೊಟ್ಟಿದ್ದೀರಾ? ಬಾಕಿ ಸಂಬಳ, ರಜೆಯ ಹಣ ಚುಕ್ತಾ ಆಗಿದೆಯೇ? ಆಗಿಲ್ಲದಿದ್ದರೆ ಈ ವಾರವೇ ಮುಗಿಸಿ. ಪತ್ರದಲ್ಲಿ ‘ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಕೆಲಸ ಮಾಡಿದ್ದಾರೆ’ ಎಂಬ ಒಣ ಸಾಲಿನ ಕೆಳಗೆ, ಹೆಲ್ಪರ್ ಆಗಿ ಸೇರಿದರು, ಯಾವ ಯಾವ ಯಂತ್ರ ಓಡಿಸಲು ಕಲಿತರು, ಯಾವುದರಲ್ಲಿ ಸೆಟ್ಟಿಂಗ್ ಮಾಡಬಲ್ಲರು, ಯಾರಿಗೆ ಕಲಿಸಿದರು ಎಂದು ಬಿಡಿಸಿ ಬರೆಯಿರಿ. ಬರೆಯುವಾಗ ಎಷ್ಟು ಸಾಲು ತುಂಬಲು ನಿಮ್ಮಿಂದ ಆಗುತ್ತದೆ, ಎಲ್ಲಿ ಪೆನ್ನು ನಿಲ್ಲುತ್ತದೆ ಎಂಬುದನ್ನು ಗಮನಿಸಿ. ನಿಂತ ಕಡೆ ಸೂಪರ್‌ವೈಸರನ್ನು ಕೇಳಿ, ಅವರಿಗೂ ತಿಳಿಯದಿದ್ದರೆ ಆ ಹುಡುಗರಿಗೇ ಫೋನ್ ಮಾಡಿ.